ಗಾಜಿನ ಕೊಳವೆಯಲ್ಲಿ ಕ್ಯಾನ್ಸರ್ ಕೋಶ ಸಾಕಿದ ಕಮಲ್ ರಣದಿವೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಭಾಗದ ಜನರಿಗೆ 1956ರವರೆಗೆ ಮುಂಬಯಿ ತಮ್ಮದೇ ರಾಜ್ಯದ ರಾಜಧಾನಿಯಾಗಿತ್ತು. ಸಂಸ್ಥಾನವಾಗಿದ್ದ ರಾಮದುರ್ಗವೂ 1948ರಲ್ಲಿ ಅದೇ ಆಡಳಿತಕ್ಕೆ ಸೇರಿತು. ಆ ರಾಜಧಾನಿಯ ಪರೇಲದಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು ಈ ಸೀಮೆಗೆ ಹೊಸದಲ್ಲ. ಅದರ ನೆರಳಿನಲ್ಲೇ ಕ್ಯಾನ್ಸರ್ ಸಂಶೋಧನೆಗೆ ಬದುಕು ಸವೆಸಿದವರು ಡಾ. ಕಮಲ್ ರಣದಿವೆ.

1917ರ ನವೆಂಬರ್ 8ರಂದು ಪುಣೆಯಲ್ಲಿ ಜನಿಸಿದ ಕಮಲ್, ಫರ್ಗ್ಯುಸನ್ ಕಾಲೇಜಿನ ಜೀವಶಾಸ್ತ್ರ ಅಧ್ಯಾಪಕ ದಿನಕರ ಸಮರ್ಥರ ಮಗಳು. ಮಗಳು ವೈದ್ಯೆಯಾಗಲಿ ಎಂಬುದು ತಂದೆಯ ಹಂಬಲವಾಗಿತ್ತು. ಆಕೆ ಆರಿಸಿಕೊಂಡದ್ದು ಸಸ್ಯ ಮತ್ತು ಪ್ರಾಣಿಶಾಸ್ತ್ರವನ್ನು. 1939ರಲ್ಲಿ ಗಣಿತಜ್ಞ ಜೆ.ಟಿ. ರಣದಿವೆ ಅವರನ್ನು ವರಿಸಿ ಮುಂಬಯಿಗೆ ಬಂದರು. ಟಾಟಾ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರರ ಮಾರ್ಗದರ್ಶನ ದೊರೆಯಿತು. 1949ರಲ್ಲಿ ಡಾಕ್ಟರೇಟ್ ಪಡೆದರು.

ಬಳಿಕ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗೇ ಅವರ ಬಳಿ ಅಂಗಾಂಶ ಕೃಷಿಯನ್ನು ಕಲಿತರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಸಣ್ಣಗೆ ಕತ್ತರಿಸಿ, ಪೋಷಕ ದ್ರವದಲ್ಲಿಟ್ಟು, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯುವುದು ಈ ಕೆಲಸದ ಸಾರ. ಹೇಳಲು ಸುಲಭ. ಒಂದಿಷ್ಟು ಬ್ಯಾಕ್ಟೀರಿಯಾ ನುಸುಳಿದರೂ ಎಲ್ಲವೂ ವ್ಯರ್ಥ. ಸೋಂಕು ತಗಲದಿದ್ದರೂ ಹೆಚ್ಚಿನ ಮಾದರಿಗಳು ಬಹುಕಾಲ ಬಾಳುವುದಿಲ್ಲ. ಬದುಕುಳಿದು ಪೀಳಿಗೆಯಿಂದ ಪೀಳಿಗೆಗೆ ವಿಭಜನೆಗೊಳ್ಳುವ ಕೋಶಗಳೇ ಜೀವಕೋಶ ಸಂತತಿ ಎನಿಸಿಕೊಳ್ಳುತ್ತವೆ. ಮನುಷ್ಯನ ಕೋಶಗಳ ಅಂಥ ಮೊದಲ ಅಮರ ಸಂತತಿ 1951ರಲ್ಲಿ ಇದೇ ಗೇ ಅವರ ಪ್ರಯೋಗಾಲಯದಲ್ಲಿ ಬೆಳೆಯಿತು. ಅದರ ಮೂಲ, ಗರ್ಭಕೊರಳಿನ ಕ್ಯಾನ್ಸರಿನಿಂದ ಅದೇ ವರ್ಷ 31ರ ವಯಸ್ಸಿನಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕುಟುಂಬಕ್ಕೆ ವಿಷಯ ತಿಳಿದದ್ದು ಎರಡು ದಶಕಗಳ ನಂತರ.

ಸ್ವದೇಶಕ್ಕೆ ಮರಳಿದ ಕಮಲ್, ಪರೇಲದ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದರು. ದೇಶದಲ್ಲಿ ಇದೇ ಮೊದಲನೆಯದೆಂಬ ಹೆಗ್ಗಳಿಕೆ ಅದಕ್ಕಿದೆ. ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ಅನುವಂಶೀಯತೆ, ಹಾರ್ಮೋನ್ ಹಾಗೂ ವೈರಸ್‌ಗಳ ಪಾತ್ರವನ್ನು ಶೋಧಿಸಿದರು. ಕುಷ್ಠರೋಗಿಯ ಅಂಗಾಂಶದಿಂದ ಪಡೆದ ರೋಗಾಣುವನ್ನು ಕೃಷಿ ಮಾಡಿದ ತಂಡದಲ್ಲೂ ಅವರಿದ್ದರು. 1958ರಲ್ಲಿ ಪ್ರಕಟವಾದ ಆ ಕೆಲಸವೇ ಮುಂದೆ ಕುಷ್ಠರೋಗ ಲಸಿಕೆಯ ಯತ್ನಕ್ಕೆ ಬುನಾದಿಯಾಯಿತು. 1966ರಿಂದ 1970ರವರೆಗೆ ಕೇಂದ್ರದ ಹಂಗಾಮಿ ನಿರ್ದೇಶಕಿ. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸ್ಥಾಪನೆ, 1982ರಲ್ಲಿ ಪದ್ಮಭೂಷಣ. ಅವರು ನಿಧನರಾದದ್ದು 2001ರ ಏಪ್ರಿಲ್ 11ರಂದು.

ಪರದೇಶದ ಕೋಶಗಳು ಎಷ್ಟೇ ಸಮೃದ್ಧವಾಗಿ ಬೆಳೆದರೂ ತಂಬಾಕು ಅಗಿಯುವ ನಾಡಿನ ಬಾಯಿ ಕ್ಯಾನ್ಸರಿನ ಗುಟ್ಟನ್ನು ಅವು ಪೂರ್ತಿ ಹೇಳಲಾರವು. ಅದಕ್ಕೆ ಇಲ್ಲಿನ ರೋಗಿಗಳ ಗಡ್ಡೆಯೇ ಬೇಕು. 1990ರಲ್ಲಿ ಕಮಲ್ ದುಡಿದಿದ್ದ ಸಂಸ್ಥೆಯ ವಿಜ್ಞಾನಿಗಳು ಬಾಯಿ ಕ್ಯಾನ್ಸರಿನ ನಾಲ್ಕು ಹೊಸ ಕೋಶ ಸಂತತಿಗಳನ್ನು ಪ್ರಕಟಿಸಿದರು. ಅವುಗಳಲ್ಲೊಂದಕ್ಕೆ ಎಡಬ್ಲ್ಯೂ 13516 ಎಂಬ ಗುರುತು. ಆ ಗಡ್ಡೆಯನ್ನು ಹೊತ್ತಿದ್ದವರ ಹೆಸರಿಲ್ಲ, ಊರಿಲ್ಲ. ಸಂಶೋಧನಾ ಪ್ರಬಂಧಗಳಲ್ಲಿ ಆ ಸಂಖ್ಯೆಯಷ್ಟೇ ಕಾಣುತ್ತದೆ.