ಗುಜರಿಗೆ ಹೋಗೋ ಕೊಳಗಕ್ಕೆ ಮನೆ ಕಟ್ಟಿಸಿದ ಸಾಹೇಬರು

ಚಿಕ್ಕಜಾಜೂರು: ಸ್ಟೇಷನ್ ರಸ್ತೆಗೆ ಗುಜರಿ ಗಾಡಿ ಬಂದಾಗ ಅದರೊಳಗೆ ಏನೇನು ಹತ್ತುತ್ತೆ ಅಂತ ಯಾವತ್ತಾದರೂ ನಿಂತು ನೋಡಿದ್ದೀರಾ? ಹೋದ ವಾರ ನಾನು ನೋಡಿದೆ. ಒಂದು ಹಿತ್ತಾಳೆ ಸೇರು, ತುದಿಗೆ ಕಬ್ಬಿಣದ ಬಳೆ ಹಾಕಿದ ಒನಕೆ, ಪಟ್ಟಿ ಬಿಗಿದ ಮರದ ಕೊಳಗ. ಸೇರು ತಕ್ಕಡಿಗೆ ಬಿತ್ತು. ಒನಕೆಯ ಬಳೆ ಕಿತ್ತುಕೊಂಡ. ಕೊಳಗದ ಪಟ್ಟಿ ಬಿಚ್ಚಿಕೊಂಡು ಮರ ಬೇಡ ಅಂತ ಚರಂಡಿ ಪಕ್ಕ ಬಿಸಾಕಿ ಹೋದ. ಮನೆಯವರೂ ಸುಮ್ಮನೆ ನೋಡುತ್ತಾ ನಿಂತಿದ್ರು. ಅವರನ್ನು ಬೈದು ಏನು ಪ್ರಯೋಜನ? ಇವತ್ತು ಯಾವ ಮನೆಯಲ್ಲಿ ರಾಗಿಯನ್ನ ಕೊಳಗದಲ್ಲಿ ಅಳೀತಾರೆ ಹೇಳಿ.

ಆಗ ನೆನಪಾದವರು ಎಚ್.ಎಲ್. ನಾಗೇಗೌಡರು. ತೀರಿಹೋಗಿ 20 ವರ್ಷದ ಮೇಲಾಯಿತು. ಅವರ ಹೆಸರು ಗೊತ್ತಿಲ್ಲದವರೂ ಮೈಸೂರು ಟೂರಿಗೆ ಹೋದಾಗ ರಾಮನಗರ ದಾಟಿದ ಮೇಲೆ ಜಾನಪದ ಲೋಕ ಅನ್ನೋ ಬೋರ್ಡು ನೋಡಿರ್ತೀರಿ. ಅದನ್ನ ಕಟ್ಟಿದ ಪುಣ್ಯಾತ್ಮರು ಇವರು.

ಗೌಡರು ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಒಕ್ಕಲು ಮನೆತನ. ಕಣ, ಗಾಡಿ, ದನ, ಆಳುಕಾಳು, ಹಬ್ಬ ಹುಣ್ಣಿಮೆ ಎಲ್ಲಾ ಇದ್ದ ಹಳ್ಳಿಯ ಬದುಕು. ಮುಂದೆ ಬರೆದ ಕಾದಂಬರಿಗೆ ದೊಡ್ಡಮನೆ ಅಂತಲೇ ಹೆಸರಿಟ್ಟರು. ಓದಿ ಕಾನೂನು ಪದವಿ ಪಡೆದರು, ಸರ್ಕಾರಿ ನೌಕರಿ ಹಿಡಿದರು, ಮೈಸೂರು ಸಿವಿಲ್ ಸರ್ವೀಸಿನಿಂದ ಐಎಎಸ್‌ವರೆಗೆ ಏರಿದರು. ಆಮೇಲೆ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಪಿಯುಸಿಗೆ ಅರ್ಧದಲ್ಲೇ ಸಲಾಂ ಹೊಡೆದ ನನ್ನಂಥವನಿಗೆ ಇಷ್ಟಕ್ಕೇ ತಲೆ ತಿರುಗುತ್ತೆ. ಆದರೆ ಈ ಕಥೆಗೆ ಆ ಹುದ್ದೆಗಳು ಮುಖ್ಯ ಅಲ್ಲ.

ಹಳ್ಳಿಗೆ ಜೀಪು ಬಂತು ಅಂದ್ರೆ ಜನಕ್ಕೆ ಗೊತ್ತಿದ್ದದ್ದು ಎರಡೇ: ಒಂದೋ ಕಂದಾಯ ವಸೂಲಿ, ಇಲ್ಲಾ ಜಮೀನು ತಕರಾರು. ಈ ಸಾಹೇಬರು ಮಾತ್ರ ಪದ ಹೇಳೋರು ಯಾರಿದ್ದಾರೆ ಅಂತ ಹುಡುಕಿಕೊಂಡು ಹೋಗುತ್ತಿದ್ದರು. ಬೀಸೋ ಪದ, ಸೋಬಾನೆ ಪದ, ತತ್ವಪದ ಬರೆಸಿಕೊಂಡರು. ಮುಂದೆ ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ ಧ್ವನಿಯನ್ನೇ ಹಿಡಿದಿಟ್ಟರು. ಅಕ್ಷರ ಬಾರದ ಅಜ್ಜಿಯರ ಮುಂದೆ ದೊಡ್ಡ ಅಧಿಕಾರಿ ಶಿಷ್ಯನ ಥರ ಕೂತಿರೋದನ್ನ ಊಹೆ ಮಾಡಿಕೊಳ್ಳಿ! ನಮ್ಮ ಜಿಲ್ಲೆಯಲ್ಲೂ ಅಂಥ ಅಜ್ಜಿಯರಿಗೆ ಬರ ಇರಲಿಲ್ಲ. ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದಗಳನ್ನ ಬರೀ ತಲೆಯಲ್ಲೇ ಇಟ್ಟುಕೊಂಡಿದ್ದ ತಾಯಿ. 2009ರಲ್ಲಿ ಹೋದರು. ಬರೆದುಕೊಂಡಷ್ಟು, ರೆಕಾರ್ಡು ಮಾಡಿಕೊಂಡಷ್ಟು ಉಳಿಯಿತು. ಮಿಕ್ಕಿದ್ದು ಅವರ ಜೊತೆ ಮಣ್ಣಿಗೆ.

ಗೌಡರು ಬರೀ ಪದ ಕಟ್ಟಿಕೊಂಡು ಕೂತವರಲ್ಲ. ನನ್ನೂರು ಅಂತ ತಮ್ಮ ಹಳ್ಳಿ ಮೇಲೆ ಪುಸ್ತಕ ಬರೆದರು. ನಮ್ಮ ದೇಶಕ್ಕೆ ಬಂದು ಹೋದ ಪರದೇಶಿ ಪ್ರವಾಸಿಗಳ ಬರಹಗಳನ್ನ ಕನ್ನಡಕ್ಕೆ ತಂದು ಪ್ರವಾಸಿ ಕಂಡ ಇಂಡಿಯಾ ಅಂತ ಸಂಪುಟದ ಮೇಲೆ ಸಂಪುಟ ಹಾಕಿದರು. 1995ರಲ್ಲಿ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ನಿವೃತ್ತಿ ಆದ ಸಾಹೇಬರು ಸಾಮಾನ್ಯವಾಗಿ ಏನು ಮಾಡ್ತಾರೆ? ಬೆಂಗಳೂರಲ್ಲಿ ಸೈಟು, ಬೆಳಿಗ್ಗೆ ವಾಕಿಂಗು, ಸಂಜೆ ಕ್ಲಬ್ಬು. ಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಅವರಿಗಾಗ 64 ವರ್ಷ. ಪದ ಮಾತ್ರ ಉಳಿಸಿದರೆ ಸಾಲದು, ಆ ಪದ ಹುಟ್ಟಿದ ಬೀಸೋಕಲ್ಲೂ ಬೇಕು. ಒನಕೆ ಇಲ್ಲದೆ ಕುಟ್ಟೋ ಪದಕ್ಕೆ ತಾಳ ಎಲ್ಲಿಂದ ಬರಬೇಕು? ಹಾಗಾಗಿ ಸಾಮಾನು ಸಂಗ್ರಹವೂ ನಡೆಯಿತು. ರಾಮನಗರದ ಹತ್ತಿರ 15 ಎಕರೆ ಜಾಗ ಸಿಕ್ಕಿತು. ಅಲ್ಲಿ ಜಾನಪದ ಲೋಕ ತಲೆ ಎತ್ತಿ 1994ರಲ್ಲಿ ಉದ್ಘಾಟನೆ ಆಗೋ ಹೊತ್ತಿಗೆ ಗೌಡರಿಗೆ 79. ಆ ವಯಸ್ಸಿನಲ್ಲಿ ನಮ್ಮಲ್ಲಿ ಜಗಲಿ ಬಿಟ್ಟು ಇಳಿಯೋದೇ ಕಷ್ಟ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಅದು ನಮ್ಮ ಜಿಲ್ಲೆಯ ಮಾನದ ವಿಷಯ. ಗೌಡರಿಗಿಂತ ಮೊದಲೇ, 1960ರ ದಶಕದ ಕೊನೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯ ಶುರು ಮಾಡಿತ್ತು. ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ಇರೋದು ಅದೇ. ಅದಕ್ಕೆ ಹಳ್ಳಿ ಹಳ್ಳಿ ಅಲೆದು ಸಾಮಾನು ಕೂಡಿಸಿದವರಲ್ಲಿ ದೊಡ್ಡ ಹೆಸರು ಚಿತ್ರ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರದ್ದು. ಅವರು ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು ಸ್ವಾಮಿ! ಜೊತೆಗೆ ದುಡಿದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ನಾಗಮಂಗಲ ತಾಲ್ಲೂಕಿನವರು, ಗೌಡರ ತಾಲ್ಲೂಕೇ. ಆ ಅರಮನೆಗೆ ಬಂದ ಕಷ್ಟ ಮಾತ್ರ ಬೇರೆ. ಸೋರಿತು, ಶಿಥಿಲ ಆಯಿತು, ದಾನಿಗಳ ದುಡ್ಡಲ್ಲಿ ರಿಪೇರಿ ಆಯಿತು, ಮತ್ತೆ ಶಿಥಿಲ ಆಯಿತು. ಸಾಮಾನು ಕೂಡಿಸೋದು ಅರ್ಧ ಕೆಲಸ, ಸೂರು ನೋಡಿಕೊಳ್ಳೋದು ಇನ್ನರ್ಧ.

ಗೌಡರು ಹಿಡಿದ ದಾರಿ ಅರಮನೆಯದ್ದಲ್ಲ, ಹಟ್ಟಿಯದ್ದು. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ 1891ರಷ್ಟು ಹಿಂದೆಯೇ ಸ್ಕಾನ್ಸೆನ್ ಅಂತ ಬಯಲು ಸಂಗ್ರಹಾಲಯ ಮಾಡಿ, ಹಳೇ ಮನೆಗಳನ್ನ ತಂದು ನಿಲ್ಲಿಸಿ, ಕಸುಬಿನವರನ್ನ ಅಲ್ಲೇ ಕೆಲಸಕ್ಕೆ ಕೂರಿಸಿದ್ದರು. ನಮ್ಮ ಜಾನಪದ ಲೋಕವೂ ಅದೇ ಜಾತಿಯದ್ದು ಅನ್ನಬಹುದು. ಲೋಕಮಾತಾ ಮಂದಿರಕ್ಕೆ ಹೋದರೆ ಅಡುಗೆಮನೆ ಸಾಮಾನು, ಕಾಳು ತುಂಬೋ ವಾಡೆ. ಲೋಕಮಹಲಿನಲ್ಲಿ ತೊಗಲುಗೊಂಬೆ, ಯಕ್ಷಗಾನದ ವೇಷ, ಸೋಮನ ಮುಖ, ವಾದ್ಯಗಳು. ಶಿಲಾಮಾಲೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲು. ಅಂಗಡಿಯವರು ತಪ್ಪದೆ ನೋಡಬೇಕಾದ್ದು ಆಯಗಾರರ ಮಾಲೆ. ಕುಂಬಾರ, ಕಮ್ಮಾರ, ಬಡಗಿ, ಅಗಸ, ನೀರಗಂಟಿ ಇವರಿಗೆ ಊರು ಸಂಬಳ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯ ಅಳೆಸಿಕೊಂಡು ಹೋಗುತ್ತಿದ್ದರು. ವರ್ಷಪೂರ್ತಿ ಉದ್ರಿ, ವರ್ಷಕ್ಕೊಂದೇ ಲೆಕ್ಕ! ಆ ಲೆಕ್ಕಕ್ಕೆ ಸಾಕ್ಷಿ ಯಾವುದು? ಚರಂಡಿ ಪಕ್ಕ ಬಿದ್ದಿತ್ತಲ್ಲ, ಅದೇ ಕೊಳಗ. ಸೇರು, ಪಾವು, ಚಟಾಕು ಹೋಗಿ ಕಿಲೋ ಲೀಟರು ಬಂದದ್ದು 1956ರ ತೂಕ ಅಳತೆ ಕಾಯಿದೆ ಆದಮೇಲೆ. ಆದರೂ ನಮ್ಮ ಸಂತೆಯಲ್ಲಿ ವಯಸ್ಸಾದವರ ಬಾಯಲ್ಲಿ ಪಾವು ಇನ್ನೂ ಸತ್ತಿಲ್ಲ.

ಅಲ್ಲಿ ಎಲ್ಲವನ್ನೂ ಮುಟ್ಟೋಕೆ ಆಗಲ್ಲ. ಗಾಜಿನ ಹಿಂದೆ ಇಟ್ಟ ಸಾಮಾನೂ ಉಂಟು, ಇರಲೇಬೇಕು. ಆದರೆ ಗೌಡರು ಸಾಮಾನಿನ ಜೊತೆ ಮನುಷ್ಯರನ್ನೂ ಸೇರಿಸಿದರು. ಬಯಲು ರಂಗಮಂದಿರ ಮಾಡಿ ಕಲಾವಿದರನ್ನ ಕರೆಸಿದರು. ಲೋಕೋತ್ಸವ ಶುರುವಾಯಿತು. ಜಾನಪದ ಕಲಿಯೋರಿಗೆ ಕೋರ್ಸು ಬಂತು. ಅಲ್ಲಿ ಗಾಳಿಪಟ ಉತ್ಸವವೂ ನಡೆಯುತ್ತಾ ಬಂದಿದೆ. ಗೋಡೆಗೆ ನೇತುಹಾಕಿದ ಡೊಳ್ಳು ಬರೀ ಚರ್ಮ, ಹೆಗಲಿಗೆ ಹಾಕಿದಾಗಲೇ ಅದರ ಭಾರ ಗೊತ್ತಾಗೋದು. ಒಂದು ಸಲ ಬೀಸೋಕಲ್ಲಿನ ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದ ಹುಡುಗನಿಗೆ ಅಜ್ಜಿ ಯಾಕೆ ಹಾಡುತ್ತಿದ್ದಳು ಅಂತ ಮೇಷ್ಟ್ರು ಹೇಳಬೇಕಿಲ್ಲ, ರಟ್ಟೆಯೇ ಹೇಳುತ್ತೆ.

2005ರ ಸೆಪ್ಟೆಂಬರ್ 22ರಂದು ಗೌಡರು ತೀರಿಕೊಂಡರು. 90 ತುಂಬಿತ್ತು.

ಈಗ ನಮ್ಮ ಕಡೆ ಬರೋಣ. ಜುಂಜಪ್ಪನ ಹೆಸರಲ್ಲಿ ಕಾಡುಗೊಲ್ಲರು ಊದೋ ಗಣೆ ನಮ್ಮ ಜಿಲ್ಲೆ ಮತ್ತು ತುಮಕೂರು ಜಿಲ್ಲೆಯ ಆಸ್ತಿ. ಆಳೆತ್ತರಕ್ಕೆ ಸ್ವಲ್ಪ ಕಮ್ಮಿ ಬಿದಿರಿನ ಕೊಳಲು. ಅದನ್ನ ಊದೋಕೆ ಉಸಿರು ಬೇಕು, ಕಲಿಯೋಕೆ ವರ್ಷಗಳೇ ಬೇಕು. ಊದೋರು ಎಷ್ಟು ಜನ ಉಳಿದಿದ್ದಾರೆ ಅಂತ ಹಟ್ಟಿಗಳಲ್ಲಿ ಕೇಳಿ ನೋಡಿ, ಬೆರಳು ಮಡಚೋದು ಬೇಗ ಮುಗಿಯುತ್ತೆ. ಉರುಮೆ ಬಡಿಯೋರ ಮಕ್ಕಳು ಬೆಂಗಳೂರಿನ ಕೆಲಸಕ್ಕೆ ಇದೇ ನಮ್ಮ ಜಂಕ್ಷನ್ನಿನಲ್ಲಿ ರೈಲು ಹತ್ತುತ್ತಾರೆ. ಹತ್ತಲಿ, ಹೊಟ್ಟೆಪಾಡು. ಆದರೆ ಅಪ್ಪ ಬದುಕಿರೋವಾಗಲೇ ಶಾಲೆಯ ಒಂದು ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಆ ಉರುಮೆಯನ್ನ ಹತ್ತು ಮಕ್ಕಳ ಕೈಗೆ ಕೊಡಿಸೋಕೆ 15 ಎಕರೆ ಬೇಕಾಗಿಲ್ಲ. ಚಾಪೆ ಒಂದು, ಕಲಾವಿದನಿಗೆ ಬಸ್ ಚಾರ್ಜು ಮತ್ತು ಮರ್ಯಾದೆಯ ಸಂಭಾವನೆ ಸಾಕು. ಸಂಭಾವನೆ ಅಂದೆ, ಬರೀ ಶಾಲು ಅಲ್ಲ.

ಶಾಲಾ ಟೂರು ಹೊರಡಿಸೋ ಮೇಷ್ಟ್ರುಗಳಿಗೆ ಒಂದು ಕಿವಿಮಾತು. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ರಾಮನಗರದ ಹೊರಗೇ ಹಾದು ಹೋಗುತ್ತೆ. ಹಳೇ ರಸ್ತೆ ಹಿಡಿಯೋಕೆ ಡ್ರೈವರಿಗೆ ಮೊದಲೇ ಹೇಳಿ. ಅರ್ಧ ಗಂಟೆ ಇಳಿಸಿ ಸೀಟಿ ಹೊಡೆದು ಹತ್ತಿಸಬೇಡಿ, ಅರ್ಧ ದಿನವಾದರೂ ಬಿಡಿ.

ಅಂದ ಹಾಗೆ, ಚರಂಡಿ ಪಕ್ಕದ ಆ ಕೊಳಗ ಈಗ ನಮ್ಮ ಪತ್ರಿಕೆ ಆಫೀಸಿನಲ್ಲಿದೆ. ಪಟ್ಟಿ ಇಲ್ಲದೆ ಬಿರುಕು ಬಿಡ್ತಾ ಇದೆ. ಕೊಳಗಕ್ಕೆ ಪಟ್ಟಿ ಬಿಗಿಯೋಕೆ ಬರೋ ಕಮ್ಮಾರರು ಈ ಸುತ್ತಲ ಹಳ್ಳಿಗಳಲ್ಲಿ ಇದ್ದರೆ ಓದುಗರು ದಯವಿಟ್ಟು ತಿಳಿಸಬೇಕು. ಕೂಲಿ ನಾನು ಕೊಡುತ್ತೇನೆ.