ನಂಬಿಕೆಯೆಂಬ ಮೂಲಧನ: ಸರ್ ಜಮ್ಸೆಟ್ಜಿ ಜೀಜೀಭಾಯಿ

ಮುಂಬಯಿಯಲ್ಲಿ ಬಾಳುವ ಕನ್ನಡಿಗರಲ್ಲಿ ಜೆ. ಜೆ. ಆಸ್ಪತ್ರೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಎರಡು ಅಕ್ಷರಗಳ ಹಿಂದಿರುವ ಪುರುಷನ ಜೀವನವನ್ನು ಅರಿತವರು ಹೆಚ್ಚಿಲ್ಲ. ಬರಿಗೈಯಲ್ಲಿ ಮುಂಬಯಿಗೆ ಬಂದ ಅನಾಥ ಬಾಲಕನೊಬ್ಬನು ಚೀನದವರೆಗೆ ವ್ಯಾಪಾರವನ್ನು ಹಬ್ಬಿಸಿದ ಕಥೆಯದು. ದೇಶದೇಶಗಳ ನಡುವಣ ವಾಣಿಜ್ಯವು ಯಾವ ಆಧಾರದ ಮೇಲೆ ನಿಲ್ಲುತ್ತದೆ, ಆ ಆಧಾರವು ಎಲ್ಲಿ ಸಾಲದೆ ಹೋಗುತ್ತದೆ ಎಂಬುದನ್ನೂ ಆ ಕಥೆಯು ತಿಳಿಸುತ್ತದೆ.

ಜಮ್ಸೆಟ್ಜಿಯವರು 1783ರಲ್ಲಿ ಬಡ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯವು ಗುಜರಾತಿನ ನವಸಾರಿಯಲ್ಲಿ ಕಳೆಯಿತು. 1799ರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹದಿನಾರರ ಹರೆಯದ ಹುಡುಗನಿಗೆ ಮುಂಬಯಿಯಲ್ಲಿದ್ದ ಸೋದರಮಾವನೇ ಆಶ್ರಯವಾದರು. ಮಾವ ಫ್ರಾಮ್ಜಿಯವರದು ಬಾಟಲಿಗಳ ವ್ಯಾಪಾರ; ಅದರಿಂದಲೇ ಬಾಟಲಿವಾಲಾ ಎಂಬ ಹೆಸರು. ಅಲ್ಲಿ ವ್ಯಾಪಾರದ ಲೆಕ್ಕಾಚಾರವನ್ನು ಕಲಿತ ಜಮ್ಸೆಟ್ಜಿ, ಬಂಧುವೊಬ್ಬರ ಸಹಾಯಕನಾಗಿ ಚೀನಕ್ಕೆ ಹಡಗು ಹತ್ತಿದರು. 1803ರಲ್ಲಿ ಮಾವನ ಮಗಳು ಅವಾಬಾಯಿಯವರನ್ನು ವಿವಾಹವಾದರು.

ಸಮುದ್ರವನ್ನು ದಾಟಿದವನಿಗೆ ಬಹಿಷ್ಕಾರ ಹಾಕುವ ರೂಢಿ ಹಲವು ಜಾತಿಗಳಲ್ಲಿ ಬಲವಾಗಿದ್ದ ಕಾಲವದು. ಪಾರ್ಸಿಗಳಿಗೆ ಅಂತಹ ಕಟ್ಟು ಇರಲಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ಹಡಗು ಕಟ್ಟುವ ವಾಡಿಯಾ ಮನೆತನದವರೂ ಅವರ ಜನವೇ. ಸಮಾಜದ ಆಚಾರವು ಒಬ್ಬನಿಗೆ ಬಾಗಿಲನ್ನು ತೆರೆದು ಮತ್ತೊಬ್ಬನಿಗೆ ಮುಚ್ಚುವುದು ಹೀಗೆ.

ಜಮ್ಸೆಟ್ಜಿ ಒಟ್ಟು ಐದು ಬಾರಿ ಚೀನಕ್ಕೆ ಹೋಗಿಬಂದರು. 1805ರ ಪ್ರಯಾಣದಲ್ಲಿ ಅವರಿದ್ದ ಬ್ರನ್ಸ್‌ವಿಕ್ ಎಂಬ ಹಡಗನ್ನು ಸಿಂಹಳದ ಬಳಿ ಫ್ರೆಂಚರು ಹಿಡಿದು ಆಫ್ರಿಕದ ದಕ್ಷಿಣದ ತುದಿಗೆ ಒಯ್ದರು. ಸರಕೆಲ್ಲವೂ ಹೋಯಿತು. ಆದರೆ ಅದೇ ಹಡಗಿನಲ್ಲಿ ವಿಲಿಯಂ ಜಾರ್ಡಿನ್ ಎಂಬ ಸ್ಕಾಟ್ಲೆಂಡಿನ ವೈದ್ಯನೊಬ್ಬನಿದ್ದನು. ಮುಂದೆ ವೈದ್ಯವೃತ್ತಿಯನ್ನು ಬಿಟ್ಟು ವರ್ತಕನಾಗಿ, 1832ರಲ್ಲಿ ಕ್ಯಾಂಟನ್ ನಗರದಲ್ಲಿ ಜಾರ್ಡಿನ್ ಮ್ಯಾಥೆಸನ್ ಕಂಪೆನಿಯನ್ನು ಸ್ಥಾಪಿಸಿದವನು ಈತನೇ. ಸೆರೆಯಲ್ಲಿ ಒಟ್ಟಿಗೆ ಕಷ್ಟಪಟ್ಟ ಈ ಇಬ್ಬರ ಪರಿಚಯವು ಮುಂದೆ ದೊಡ್ಡ ವ್ಯಾಪಾರಸಂಬಂಧವಾಗಿ ಬೆಳೆಯಿತು.

ಮುಂಬಯಿಯಿಂದ ಕಳುಹಿದ ಸರಕಿಗೆ ಕ್ಯಾಂಟನ್ನಿನಲ್ಲಿ ಎಷ್ಟು ಬೆಲೆ ಬಂದಿತೆಂಬುದು ತಿಳಿಯಲು ತಿಂಗಳುಗಳೇ ಬೇಕಾಗುತ್ತಿದ್ದುವು. ಅಲ್ಲಿಯವನು ಸುಳ್ಳು ಲೆಕ್ಕ ಬರೆದರೆ ದೂರು ಕೊಡಲು ಎರಡು ಊರುಗಳಿಗೂ ಸಲ್ಲುವ ನ್ಯಾಯಾಲಯವಿರಲಿಲ್ಲ. ಆದುದರಿಂದ ವರ್ತಕನ ಹೆಸರೇ ಜಾಮೀನು. ತಪ್ಪದೆ ಬರೆದ ಪತ್ರಗಳೂ ಶುದ್ಧವಾದ ಲೆಕ್ಕವೂ ಅದಕ್ಕೆ ಸಾಕ್ಷಿ. ಊರಿನವರೊಬ್ಬರ ಮಾತಿನ ಮೇಲೆ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ಕೆಲಸಕ್ಕೆ ಸೇರಿದ ನಮ್ಮವರಿಗೆ ಈ ವ್ಯವಸ್ಥೆ ಅಪರಿಚಿತವೇನಲ್ಲ.

ಜಮ್ಸೆಟ್ಜಿಯವರ ಹೆಚ್ಚುಗಾರಿಕೆಯೆಂದರೆ ಈ ನಂಬಿಕೆಯನ್ನು ಸ್ವಜನರ ಬೇಲಿಯಾಚೆಗೂ ಬೆಳೆಸಿದುದು. ಅವರ ಜೊತೆಗಾರರಲ್ಲಿ ಮೋತಿಚಂದ್ ಅಮಿಚಂದರು ಜೈನರು. ಮಾಳವದ ಬೆಳೆಗಾರರ ಸಂಪರ್ಕವುಳ್ಳವರು. ಮಹಮ್ಮದ್ ಅಲಿ ರೋಗೆಯವರು ಕೊಂಕಣದ ಮುಸಲ್ಮಾನರು. ಹಡಗುಗಳ ವ್ಯವಹಾರದಲ್ಲಿ ನಿಪುಣರು. ರೋಜರ್ ಡಿ ಫಾರಿಯಾ ಗೋವೆಯ ಕ್ರೈಸ್ತರು. ಪೋರ್ಚುಗೀಸರ ಬಂದರುಗಳಲ್ಲಿ ಬಳಕೆಯುಳ್ಳವರು. ಒಬ್ಬರಲ್ಲಿ ಇಲ್ಲದುದು ಇನ್ನೊಬ್ಬರಲ್ಲಿತ್ತು.

ಆದರೆ ಆ ಹಡಗುಗಳಲ್ಲಿ ಹೋದುದೇನು? ಮೊದಲು ಮುಖ್ಯವಾಗಿ ಹತ್ತಿ. ಬಳಿಕ ಹೆಚ್ಚುಹೆಚ್ಚಾಗಿ ಮಾಳವದ ಅಫೀಮು. ಚೀನದ ಚಕ್ರವರ್ತಿಯು 1729ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದ್ದನು. ಈಸ್ಟ್ ಇಂಡಿಯಾ ಕಂಪೆನಿಯಾದರೋ ಮಾಳವದ ಅಫೀಮಿಗೆ ರಹದಾರಿ ಕೊಟ್ಟು ಸುಂಕ ಪಡೆಯುತ್ತಿದ್ದಿತು. ಒಂದು ದೇಶದ ಕಾನೂನಿನಲ್ಲಿ ಸಕ್ರಮವಾದ ಸರಕು ಇನ್ನೊಂದು ದೇಶದಲ್ಲಿ ಕಳ್ಳಸರಕು. ವರ್ತಕರು ತಮ್ಮತಮ್ಮೊಳಗೆ ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಸರಕು ಚೀನದ ಅಸಂಖ್ಯ ಮನೆಗಳನ್ನು ಹಾಳುಮಾಡಿತು. ನಂಬಿಕೆಯು ವ್ಯಾಪಾರವನ್ನು ನಡೆಸಬಲ್ಲುದು, ಅದನ್ನು ಧರ್ಮಸಮ್ಮತವಾಗಿಸಲಾರದು. ಈ ಕಳಂಕವನ್ನು ಮರೆಮಾಚಿ ಅವರ ಚರಿತ್ರೆಯನ್ನು ಬರೆಯುವುದು ಸಲ್ಲದು.

1839ರಲ್ಲಿ ಚೀನದ ಅಧಿಕಾರಿ ಲಿನ್ ಎಂಬವನು ಇಪ್ಪತ್ತು ಸಾವಿರಕ್ಕೂ ಮಿಕ್ಕ ಅಫೀಮು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ನಾಶಮಾಡಿದನು. ಅವುಗಳಲ್ಲಿ ಭಾರತೀಯ ವರ್ತಕರ ಪಾಲೂ ದೊಡ್ಡದಾಗಿತ್ತು. ಇಂಗ್ಲೆಂಡ್ ಯುದ್ಧ ಹೂಡಿತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಅಫೀಮಿನ ಬಾಬ್ತು ಅರುವತ್ತು ಲಕ್ಷ ಡಾಲರುಗಳನ್ನು ಚೀನದಿಂದ ಪಡೆಯಿತು. ಅದರಲ್ಲಿ ವರ್ತಕರ ಕೈಸೇರಿದ ಪರಿಹಾರವು ಅವರು ಎಣಿಸಿದುದಕ್ಕಿಂತ ಬಹಳ ಕಡಿಮೆ. ಅದೇ 1842ರಲ್ಲಿ ಜಮ್ಸೆಟ್ಜಿಯವರಿಗೆ ಸರ್ ಪದವಿ ಲಭಿಸಿತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು. 1857ರಲ್ಲಿ ಬ್ಯಾರೊನೆಟ್ ಪದವಿಯೂ ಬಂದಿತು. ಮಾನ ದೊರೆಯಿತಾದರೂ ವ್ಯಾಪಾರದ ಲಗಾಮು ಮುಂಬಯಿಯ ಕೈಯಲ್ಲಿ ಉಳಿಯಲಿಲ್ಲ. ಹುಂಡಿ, ವಿಮೆ, ಉಗಿಹಡಗು ಇವೆಲ್ಲವೂ ಲಂಡನ್ನಿನವರ ಹಿಡಿತಕ್ಕೆ ಹೋಗುತ್ತಿದ್ದುವು. ವ್ಯಕ್ತಿಗಳ ನಡುವಣ ನಂಬಿಕೆಯು ರಾಜ್ಯಬಲದ ಬೆಂಬಲವುಳ್ಳ ಸಂಸ್ಥೆಗಳ ಎದುರಿನಲ್ಲಿ ನಿಲ್ಲಲಾರದೆ ಹೋಯಿತು.

ಗಳಿಸಿದ ಧನವನ್ನು ಅವರು ಕೂಡಿಡಲಿಲ್ಲ. ಆಸ್ಪತ್ರೆಗೆಂದು ಒಂದು ಲಕ್ಷ ರೂಪಾಯಿ ಕೊಟ್ಟರು. 1845ರಲ್ಲಿ ಅದರ ಬಾಗಿಲು ತೆರೆಯಿತು. ಅದೇ ವರ್ಷ ಮಾಹಿಮ್ ಮತ್ತು ಬಾಂದ್ರಾಗಳ ನಡುವಣ ಸೇತುಮಾರ್ಗವೂ ತೆರೆಯಿತು. ದೋಣಿಯಲ್ಲಿ ದಾಟುವ ಜನರ ಕಷ್ಟಕ್ಕೆ ಮರುಗಿದ ಅವಾಬಾಯಿಯವರು ಅದಕ್ಕೆ 1,57,000 ರೂಪಾಯಿಗಳನ್ನು ದಾನವಾಗಿತ್ತಿದ್ದರು. ಲೇಡಿ ಜಮ್‌ಶೆಡ್ಜಿ ರಸ್ತೆಯ ಹೆಸರು ಅವರದೇ. ಪುಣೆಯ ನೀರಿನ ವ್ಯವಸ್ಥೆಗೂ ಜಮ್ಸೆಟ್ಜಿಯವರ ಹಣ ಹರಿಯಿತು. 1857ರಲ್ಲಿ ಅವರ ದಾನದಿಂದ ಕಲಾಶಾಲೆಯು ಆರಂಭವಾಯಿತು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಕಲಿತುದೂ ಬಳಿಕ ಕಲಿಸಿದುದೂ ಆ ಜೆ. ಜೆ. ಕಲಾಶಾಲೆಯಲ್ಲಿಯೇ.

1859ರ ಏಪ್ರಿಲ್ 14ರಂದು ಜಮ್ಸೆಟ್ಜಿ ನಿಧನರಾದರು. ಪದವಿಗೆ ಬರುವ ಪ್ರತಿಯೊಬ್ಬ ವಾರಸುದಾರನೂ ಮೂಲಪುರುಷನ ಹೆಸರನ್ನೇ ಧರಿಸಬೇಕೆಂದು 1860ರಲ್ಲಿ ಕಾನೂನು ಆಯಿತು. ಹೆಸರನ್ನೇ ಜಾಮೀನಾಗಿಟ್ಟು ವ್ಯಾಪಾರ ಮಾಡಿದವರಿಗೆ ಒಪ್ಪುವ ಕಾನೂನೇ ಸರಿ. ಆದರೆ ಅವರ ವ್ಯಾಪಾರದ ಹಡಗುಗಳಾವುವೂ ಇಂದು ಉಳಿದಿಲ್ಲ. ಜನರ ನೋವನ್ನು ನೀಗಲೆಂದು ಕಟ್ಟಿಸಿದುದು ಉಳಿದಿದೆ. ಜಾತಿ ಯಾವುದು, ಊರು ಯಾವುದು ಎಂದು ಕೇಳದೆ ಆ ಆಸ್ಪತ್ರೆಯು ಇಂದಿಗೂ ಬಡ ರೋಗಿಗಳನ್ನು ಒಳಗೆ ಕರೆದುಕೊಳ್ಳುತ್ತಿದೆ.