ಹಿರೇಕೊಡಿಗೆಯ ಮಗುವಿಗೆ ಮೊದಲು ಸಿಕ್ಕಿದ್ದು ಮಾತು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಈಗ ಮಗುವಿಗೆ ಮೂರು ತುಂಬುವ ಮೊದಲೇ ಎಲ್‌ಕೆಜಿ ಚಿಂತೆ. ಮನೇಲೂ ಇಂಗ್ಲಿಷಲ್ಲೇ ಮಾತಾಡಿಸಿ ಅನ್ನೋ ಸಲಹೆ ಬೇರೆ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಲ್ಲಿ, 1904ರ ಡಿಸೆಂಬರ್ 29ರಂದು ಹುಟ್ಟಿದ ಪುಟ್ಟಪ್ಪನನ್ನು ಒಮ್ಮೆ ನೆನೆಯಬೇಕು.

ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕಾಡಿನ ನಡುವೆ ಶಾಲೆ ಎಲ್ಲಿಂದ ಬರಬೇಕು? ದಕ್ಷಿಣ ಕನ್ನಡದಿಂದ ಬಂದ ಐಗಳು ಮನೆಯಲ್ಲೇ ಪಾಠ ಹೇಳಿದರು. ಆದರೆ ಅಕ್ಷರಕ್ಕೂ ಮುಂಚೆ ಮಾತು ಸಿಕ್ಕಿತ್ತು: ಆಳುಕಾಳುಗಳ ಹರಟೆ, ಬೇಟೆಯ ಕಥೆ, ರಾತ್ರಿ ಹೊತ್ತು ರಾಮಾಯಣ, ಭಾರತದ ಓದು. ಕಿವಿ ತುಂಬಿದ ಮೇಲೆ ಅಕ್ಷರ ಬಂತು. ನನ್ನ ಮಟ್ಟಿಗೆ ಗುಟ್ಟು ಇರೋದೇ ಇಲ್ಲಿ.

ಆಮೇಲೆ ತೀರ್ಥಹಳ್ಳಿ, ಮೈಸೂರು. ಹುಡುಗನಿಗೆ ಸುಮಾರು ಹನ್ನೆರಡಾಗಿದ್ದಾಗಲೇ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. 1922ರಲ್ಲಿ ಬಂದ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದ್ದು! ತಾಯ್ನುಡಿಯಲ್ಲಿ ಬರಿ ಎಂದು ತಿದ್ದಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್, 1924ರಲ್ಲಿ. ಹೊರಗಿನವರು ಬಂದು ಹೇಳಬೇಕಾಯ್ತು ನೋಡಿ. ಬರೆಯಲು ಕೂತಾಗ ಬಂಡವಾಳವೆಲ್ಲ ಬಾಲ್ಯದ ಕಿವಿಯಲ್ಲೇ ಇತ್ತು. ಬ್ರೌನಿಂಗ್‌ನ ಪದ್ಯದ ಕಥೆಯನ್ನೇ ಬೊಮ್ಮನಹಳ್ಳಿಗೆ ಕರೆತಂದು ಮಕ್ಕಳಿಗೆ ಕಿಂದರಿಜೋಗಿಯನ್ನು ಕೊಟ್ಟರು.

1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದಾಗ ಕಾಲೇಜು ಪಾಠವೂ ಕನ್ನಡದಲ್ಲಿ ಆಗಲಿ ಎಂದು ಹೊರಟರು. ಇಂಗ್ಲಿಷ್ ಕಲಿಯಬೇಡಿ ಅಂದವರಲ್ಲ, ಮಕ್ಕಳ ಮೇಲೆ ಹೇರಬೇಡಿ ಅಂದವರು. ಈ ವ್ಯತ್ಯಾಸ ನಮ್ಮ ಚರ್ಚೆಗಳಲ್ಲಿ ಯಾವಾಗಲೂ ಕಳೆದುಹೋಗುತ್ತೆ.

ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11ರಂದು, ಮೈಸೂರಲ್ಲಿ. ಅಂತ್ಯಸಂಸ್ಕಾರ ನಡೆದದ್ದು ಮಾತ್ರ ಕುಪ್ಪಳಿ ಮನೆಯ ಮೇಲಿನ ಗುಡ್ಡ, ಕವಿಶೈಲದಲ್ಲಿ.